ಹರಿದ ಚೀಲ: ಬಿರುಕು ಬಿಟ್ಟ ಮಣ್ಣಿಗೆ ‘ಇರಲಿ’ ಅಂದವರ ಇತಿಹಾಸ

(ವಿಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯ ತಿದ್ದಿದೆ.)



ಇವತ್ತಿನ ಮಾತು ಒಂದು ಸೊಟ್ಟ ಪಾತ್ರೆಯ ಬಗ್ಗೆ. ಅದು ಇರೋದು ಟೋಕಿಯೊದ ಗೊಟೊ ಮ್ಯೂಸಿಯಂನಲ್ಲಿ. ಎತ್ತರ ಸುಮಾರು 21 ಸೆಂಟಿಮೀಟರ್. ಜಪಾನಿನ ಚಹಾ ಕೂಟದಲ್ಲಿ ತಣ್ಣೀರು ತುಂಬಿ ಇಡೋಕೆ ಅಂತ ಮಾಡಿದ್ದು. ವಯಸ್ಸು ಹತ್ತಿರ ಹತ್ತಿರ 400 ವರ್ಷ. ಇಗಾ ಅನ್ನೋ ಸೀಮೆಯ ಆವಿಗೆಯಲ್ಲಿ ಸುಟ್ಟದ್ದು. ಬೆಂಕಿಯ ಕಾವಿಗೆ ಹೊಟ್ಟೆಭಾಗ ಕುಸಿದು ಕೂತಿದೆ, ಸೌದೆಯ ಬೂದಿ ಮೈಮೇಲೆ ಕರಗಿ ಹಸಿರು ಗಾಜಿನ ಥರ ಅಂಟಿದೆ. ಕೆಳಗಡೆ ದೊಡ್ಡ ದೊಡ್ಡ ಬಿರುಕು. ಅದರ ಹೆಸರೇ ‘ಯಾಬುರೆ ಬುಕುರೊ’, ಅಂದ್ರೆ ಹರಿದ ಚೀಲ. ನೀರು ಇಡೋ ಪಾತ್ರೆಗೆ ಹರಿದ ಚೀಲ ಅಂತ ಹೆಸರು! ಜಪಾನ್ ಸರ್ಕಾರ ಅದನ್ನ ಮುಖ್ಯ ಸಾಂಸ್ಕೃತಿಕ ಸ್ವತ್ತು ಅಂತ ಘೋಷಿಸಿ ಕಾಪಾಡ್ತಿದೆ.

ಈಗ ನಮ್ಮ ಕಡೆಯ ಸಂತೆ ನೆನಪಿಸಿಕೊಳ್ಳಿ. ಮಡಕೆ ಕೊಳ್ಳೋಕೆ ಹೋದ ಅಜ್ಜಿಯರು ಬೆರಳ ಗಣ್ಣಿನಿಂದ ಅದನ್ನ ತಟ್ಟಿ ನೋಡೋರು. ಟಣ್ ಅಂದ್ರೆ ಕಂಕುಳಿಗೆ, ಬದಬದ ಅಂದ್ರೆ ವಾಪಸ್ ರಾಶಿಗೆ. ಸಣ್ಣ ಸೀಳಿದ್ರೂ ಕಿವಿಗೆ ಗೊತ್ತಾಗುತ್ತೆ. ಪ್ರಪಂಚದ ಬಹುಪಾಲು ಕುಂಬಾರರು ಬದುಕಿದ್ದು ಈ ಪರೀಕ್ಷೆಯ ಕೆಳಗೆ. ಹಾಗಿರುವಾಗ ಹರಿದ ಚೀಲ ಈ ಪರೀಕ್ಷೆ ತಪ್ಪಿಸಿಕೊಂಡು ಮ್ಯೂಸಿಯಂ ಸೇರಿದ್ದು ಹೇಗೆ?

ಈ ಪ್ರಶ್ನೆ ಈಗ ಯಾಕೆ ಅಂದ್ರೆ, ‘ಕಿಂತ್ಸುಗಿ’ ಅನ್ನೋ ಪದವನ್ನ ನೀವೂ ಕೇಳೇ ಇರ್ತೀರಿ. ಒಡೆದ ಬಟ್ಟಲನ್ನ ಚಿನ್ನದ ಗೆರೆಯಿಂದ ಕೂಡಿಸೋ ಜಪಾನಿ ವಿದ್ಯೆ. ಟೀಮ್ ಆಫ್‌ಸೈಟ್‌ನ ಸ್ಲೈಡ್‌ನಲ್ಲಿ ಇರುತ್ತೆ, ಲಿಂಕ್ಡ್‌ಇನ್ ಪೋಸ್ಟ್‌ನಲ್ಲಿ ಇರುತ್ತೆ. ‘ನಿಮ್ಮ ಬಿರುಕೇ ನಿಮ್ಮ ಸೌಂದರ್ಯ’ ಅಂತ ಕೆಳಗೊಂದು ಸಾಲು. ಕೇಳೋಕೆ ಚೆನ್ನಾಗಿದೆ. ಆದ್ರೆ ಮಣ್ಣಿನ ಇತಿಹಾಸ ಓದಿದ್ರೆ ಬೇರೆ ಒಂದು ವಿಷಯ ಕಾಣುತ್ತೆ. ಯಾವ ಬಿರುಕೂ ತಾನಾಗೇ ಸುಂದರ ಆಗಲಿಲ್ಲ. ಪ್ರತಿ ಸಲವೂ ಒಬ್ಬ ಮನುಷ್ಯ ಅದನ್ನ ನೋಡಿ ‘ಇರಲಿ’ ಅಂದಿದ್ದಾನೆ. ಹಾಗೆ ಅನ್ನೋ ಅಧಿಕಾರ ಅವನಿಗೆ ಎಲ್ಲಿಂದ ಬಂತು, ಅದರ ಬೆಲೆ ಯಾರು ಕೊಟ್ಟರು, ಇದನ್ನೇ ಇವತ್ತು ನೋಡೋಣ.

ಮೊದಲು, ಮಣ್ಣು ಯಾಕೆ ಸೀಳುತ್ತೆ?

ಹಸಿ ಜೇಡಿಮಣ್ಣು ಅಂದ್ರೆ ತೆಳ್ಳನೆ ಹಾಳೆಯಂಥ ಸೂಕ್ಷ್ಮ ಕಣಗಳು, ನಡುವೆ ನೀರು. ಒಣಗುವಾಗ ನೀರು ಹೋಗುತ್ತೆ, ಕಣಗಳು ಹತ್ತಿರ ಬರ್ತವೆ, ಮಣ್ಣು ಕುಗ್ಗುತ್ತೆ. ಸುಟ್ಟಾಗ ಮತ್ತೆ ಕುಗ್ಗುತ್ತೆ. ಹೆಚ್ಚು ಕಾವಿಗೆ ಸುಡೋ ಎಷ್ಟೋ ಮಣ್ಣುಗಳು ಒಟ್ಟಾರೆ ನೂರಕ್ಕೆ ಹತ್ತರಷ್ಟು ಕುಗ್ಗೋದು ಸಾಮಾನ್ಯ. 30 ಸೆಂಟಿಮೀಟರ್ ಮಾಡಿದ್ದು 27ಕ್ಕೆ ಬರುತ್ತೆ. ಎಲ್ಲ ಕಡೆ ಒಂದೇ ಸಮ ಕುಗ್ಗಿದ್ರೆ ತೊಂದರೆ ಇಲ್ಲ. ಅಂಚು ಬೇಗ ಒಣಗಿ ತಳ ಇನ್ನೂ ಹಸಿ ಇದ್ರೆ, ಎರಡೂ ಜಗ್ಗಾಡಿ ನಡುವೆ ಸೀಳು ಬೀಳುತ್ತೆ.

ಆಮೇಲೆ ಬೆಂಕಿ. ಮಣ್ಣಿನಲ್ಲಿ ಸ್ಫಟಿಕ ಶಿಲೆಯ ಹರಳುಗಳಿರ್ತವೆ, ಕ್ವಾರ್ಟ್ಜ್ ಅಂತೀವಲ್ಲ ಅದು. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ತಕ್ಷಣ ಈ ಹರಳಿನ ಒಳರಚನೆ ಬದಲಾಗಿ ಅದು ಗಕ್ಕನೆ ಹಿಗ್ಗುತ್ತೆ. ತಣ್ಣಗಾಗುವಾಗ ಅದೇ ಜಾಗದಲ್ಲಿ ಗಕ್ಕನೆ ಕುಗ್ಗುತ್ತೆ. ಅವಸರದಲ್ಲಿ ಆವಿಗೆ ಬಾಗಿಲು ತೆಗೆದ್ರೆ ಕೆಲಸ ಕೆಟ್ಟ ಹಾಗೇ.

ಬಟ್ಟಲು, ಲೋಟದಲ್ಲಿ ಗೋಡೆ ಒಂದೇ ದಪ್ಪ ಇರುತ್ತೆ, ಹೇಗೋ ನಿಭಾಯಿಸಬಹುದು. ಶಿಲ್ಪದಲ್ಲಿ ಹಾಗಲ್ಲ. ಕಾಲು ದಪ್ಪ, ಕಿವಿ ತೆಳ್ಳಗೆ, ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಪ್ರತಿ ಸಂದೂ ಒಂದು ಅಪಾಯ. ಅದಕ್ಕೇ ಮಣ್ಣಿನ ಶಿಲ್ಪಿಗಳು ಒಳಗೆ ಟೊಳ್ಳು ಬಿಡ್ತಾರೆ. ಮಣ್ಣಿಗೆ ಮರಳೋ ಹೊಟ್ಟೋ ಸುಟ್ಟ ಮಡಕೆಯ ಪುಡಿಯೋ ಬೆರೆಸ್ತಾರೆ. ಒದ್ದೆ ಬಟ್ಟೆ ಹೊದಿಸಿ ವಾರಗಟ್ಟಲೆ ನಿಧಾನವಾಗಿ ಒಣಗಿಸ್ತಾರೆ. ಇಷ್ಟಾದ ಮೇಲೂ ಬಿರುಕು ಬರಬಹುದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂತ ನಮ್ಮಲ್ಲಿ ಗಾದೆ ಇದೆ. ಕೆಲವು ಸಲ ದೊಣ್ಣೆಯೂ ಬೇಡ, ಮಣ್ಣೇ ಸಾಕು.

ಚೀನಾ: ತಪ್ಪನ್ನ ಪಳಗಿಸಿದವರು

ಬಿರುಕನ್ನ ಬೇಕು ಅಂತ ಉಳಿಸಿಕೊಂಡವರನ್ನ ಹುಡುಕಿದ್ರೆ ಮೊದಲು ಸಿಗೋರಲ್ಲಿ ಸಾಂಗ್ ಕಾಲದ ಚೀನಿಯರು ಮುಖ್ಯರು. 12ನೇ ಶತಮಾನದಲ್ಲಿ ಉತ್ತರದ ರಾಜಧಾನಿ ಕೈಬಿಟ್ಟು, ಸಾಂಗ್ ಅರಮನೆ ದಕ್ಷಿಣದ ಹಾಂಗ್‌ಝೌ ನಗರಕ್ಕೆ ಬಂದು ನೆಲೆ ನಿಂತಿತು. ಅಲ್ಲಿ ಅರಮನೆಗೆ ಅಂತಲೇ ಇದ್ದ ಆವಿಗೆಗಳಲ್ಲಿ ‘ಗ್ವಾನ್’ ಅನ್ನೋ ಪಾತ್ರೆಗಳು ತಯಾರಾದವು.

ಪಿಂಗಾಣಿಯ ಮೇಲೆ ಗಾಜಿನಂಥ ಪದರ ಇರುತ್ತಲ್ಲ, ಅದು ಗ್ಲೇಜ್. ಆವಿಗೆ ಆರುವಾಗ ಗ್ಲೇಜ್ ಒಳಗಿನ ಮಣ್ಣಿಗಿಂತ ಜಾಸ್ತಿ ಕುಗ್ಗಿದ್ರೆ, ಬಿಗಿಯಾದ ಅಂಗಿಯ ಥರ ಅಲ್ಲಲ್ಲಿ ಬಿಡುತ್ತೆ. ಮೈತುಂಬ ಜೇಡರ ಬಲೆಯಂಥ ಗೆರೆ ಮೂಡುತ್ತೆ. ಅಡುಗೆ ಪಾತ್ರೆಯಲ್ಲಿ ಇದು ದೋಷ. ಗ್ವಾನ್ ಪಾತ್ರೆಗಳಲ್ಲಿ ಮಾತ್ರ ಅದನ್ನೇ ಅಲಂಕಾರ ಅಂತ ಒಪ್ಪಿಕೊಂಡರು. ಆಮೇಲೆ ‘ಗೆ’ ಅನ್ನೋ ಬಗೆಯ ಪಾತ್ರೆಗಳಲ್ಲಿ ಗೆರೆಗಳಿಗೆ ಬಣ್ಣ ಇಳಿಸಿ, ದಪ್ಪ ಕಪ್ಪು ಗೆರೆಗೆ ಕಬ್ಬಿಣದ ತಂತಿ, ತೆಳು ಹಳದಿ ಗೆರೆಗೆ ಚಿನ್ನದ ದಾರ ಅಂತ ಹೆಸರು ಕೊಟ್ಟರು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಆ ಬಿರುಕು ಗ್ಲೇಜ್‌ಗೆ ಮಾತ್ರ ಸೀಮಿತ, ಪಾತ್ರೆ ಗಟ್ಟಿಯಾಗೇ ಇದೆ. ಎರಡು, ಅದು ಎಷ್ಟು ಬರಬೇಕು ಅನ್ನೋದು ಬಹುಮಟ್ಟಿಗೆ ಕುಂಬಾರನ ಕೈಯಲ್ಲಿದೆ. ‘ಇರಲಿ’ ಅನ್ನೋ ಮಾತಿನ ಹಿಂದೆ ಪೂರ್ತಿ ಹಿಡಿತ ಇತ್ತು, ಅರಮನೆಯ ಒಪ್ಪಿಗೆಯೂ ಇತ್ತು.

ಚಿನ್ನಕ್ಕೆ ಮುಂಚೆ ಪಿನ್ ಇತ್ತು

ಕಿಂತ್ಸುಗಿ ಹುಟ್ಟಿದ ಕಥೆ ಅಂತ ಇಂಟರ್ನೆಟ್‌ನಲ್ಲಿ ಒಂದು ಓಡಾಡ್ತಿರುತ್ತೆ. 15ನೇ ಶತಮಾನದ ಜಪಾನಿನ ಶೋಗುನ್ ಅಶಿಕಾಗ ಯೋಶಿಮಾಸನ ಪ್ರೀತಿಯ ಬಟ್ಟಲು ಸೀಳಿತು. ಅದನ್ನ ಚೀನಾಕ್ಕೆ ಕಳಿಸಿದ. ಅವರು ಲೋಹದ ಪಿನ್ ಹೊಡೆದು ವಾಪಸ್ ಕಳಿಸಿದರು. ಅದು ಅಸಹ್ಯ ಅನ್ನಿಸಿ, ಜಪಾನಿನ ಕುಶಲಿಗಳು ಚಿನ್ನದಿಂದ ಕೂಡಿಸೋ ವಿದ್ಯೆ ಕಂಡುಹಿಡಿದರು. ಹೀಗಂತ ಕಥೆ.

ಆ ಬಟ್ಟಲು ಇವತ್ತಿಗೂ ಇದೆ. ಟೋಕಿಯೊ ನ್ಯಾಷನಲ್ ಮ್ಯೂಸಿಯಂನಲ್ಲಿ, ಚೀನಾದ ಲೋಂಗ್‌ಚುವಾನ್‌ನಲ್ಲಿ ಮಾಡಿದ ತಿಳಿಹಸಿರು ಬಟ್ಟಲು. ಹತ್ತಿರದಿಂದ ನೋಡಿದ್ರೆ ಪಿನ್‌ಗಳು ಹಾಗೇ ಇವೆ! ಯಾರೂ ಕಿತ್ತಿಲ್ಲ, ಚಿನ್ನವೂ ಹಾಕಿಲ್ಲ. ಇತೊ ತೊಗಾಯ್ ಅನ್ನೋ ವಿದ್ವಾಂಸ 1727ರಲ್ಲಿ ಬರೆದಿಟ್ಟ ವೃತ್ತಾಂತದ ಪ್ರಕಾರ, ಯೋಶಿಮಾಸ ಕೇಳಿದ್ದು ಅಂಥದ್ದೇ ಇನ್ನೊಂದು ಬಟ್ಟಲು. ಮಿಂಗ್ ಚೀನಾದಲ್ಲಿ ಆ ಗುಣಮಟ್ಟದ್ದು ಸಿಗಲಿಲ್ಲ. ಹಾಗಾಗಿ ಹಳೆಯದಕ್ಕೇ ಪಿನ್ ಹೊಡೆದು ಕಳಿಸಿದರು. ಪಿನ್‌ಗಳು ಮೈಮೇಲೆ ಕೂತ ಮಿಡತೆಯ ಹಾಗೆ ಕಂಡವು ಅಂತ ಬಟ್ಟಲಿಗೆ ‘ಬಕೊಹಾನ್’ ಅಂತ ಹೆಸರು ಬಿತ್ತು, ಅದರ ಬೆಲೆಯೂ ಏರಿತು.

ಈ ವೃತ್ತಾಂತ ಬರೆದಿದ್ದು ಘಟನೆ ನಡೆದು ಎರಡು ಶತಮಾನಕ್ಕೂ ಹೆಚ್ಚು ಕಾಲ ಆದ ಮೇಲೆ, ಹಾಗಾಗಿ ಅಕ್ಷರಶಃ ನಂಬಬೇಕಿಲ್ಲ. ಆದ್ರೆ ಕಣ್ಣೆದುರಿನ ಬಟ್ಟಲು ಒಂದಂತೂ ಹೇಳುತ್ತೆ: ಶೋಗುನ್ ಕೈಯಲ್ಲಿದ್ದ ವಸ್ತುವಾದ್ರೆ ಸ್ಟೇಪ್ಲರ್ ಪಿನ್ ಕೂಡ ಒಡವೆ ಆಗಬಹುದು.

ಒಂದು ಕಾಗದ ಹೇಳಿದ್ದು

ಈಗ ಹರಿದ ಚೀಲಕ್ಕೆ ವಾಪಸ್ ಬರೋಣ. ಯೋಶಿಮಾಸನ ಕಾಲ ಕಳೆದು ನೂರು ವರ್ಷದ ಹೊತ್ತಿಗೆ ಜಪಾನಿನ ಚಹಾ ಕೂಟದ ರುಚಿ ಬದಲಾಗಿತ್ತು. ಸೆನ್ ನೊ ರಿಕ್ಯು ಅನ್ನೋ ಗುರು ಚೀನಾದ ನಯವಾದ ಪಾತ್ರೆಗಳ ಜೊತೆಗೆ ಒರಟು, ಕಪ್ಪು, ಕೈಯಲ್ಲೇ ಒತ್ತಿ ಮಾಡಿದ ಬಟ್ಟಲುಗಳನ್ನ ತಂದು ಕೂರಿಸಿದ. ಅವನ ಶಿಷ್ಯ ಫುರುತ ಒರಿಬೆ. ಇವನು ಸಮುರಾಯಿ, ಯುದ್ಧ ನೋಡಿದವನು. ರಿಕ್ಯು ಸತ್ತ ಮೇಲೆ ಜಪಾನಿನ ದೊಡ್ಡ ದೊಡ್ಡ ಸರದಾರರಿಗೆಲ್ಲ ಇವನೇ ಚಹಾ ಗುರು. ಇವನಿಗೆ ಸೊಟ್ಟ ಆಕಾರ ಅಂದ್ರೆ ಪ್ರಾಣ. ಕೊರಿಯಾದ ಒಂದು ದೊಡ್ಡ ಬಟ್ಟಲನ್ನ ಬೇಕಂತಲೇ ಅಡ್ಡಡ್ಡ ಉದ್ದುದ್ದ ನಾಲ್ಕು ಹೋಳು ಮಾಡಿ, ಚಿಕ್ಕದಾಗಿ ಜೋಡಿಸಿದ ಅಂತ ಪ್ರತೀತಿ. ಆ ಬಟ್ಟಲು ಈಗ ಟೋಕಿಯೊದ ಮಿತ್ಸುಯಿ ಮ್ಯೂಸಿಯಂನಲ್ಲಿದೆ, ಅಡ್ಡ ಉದ್ದ ಗೆರೆಗಳ ಸಮೇತ.

ಹರಿದ ಚೀಲವನ್ನ ಒರಿಬೆ ಇನ್ನೊಬ್ಬ ಸರದಾರನಿಗೆ ಕಳಿಸಿಕೊಟ್ಟಾಗ ಜೊತೆಗೊಂದು ಕಾಗದ ಬರೆದಿದ್ದ. ಅದರ ಸಾರಾಂಶ ಇಷ್ಟೇ: ಇಂಥದ್ದು ಇನ್ನು ಮುಂದೆ ಸಿಗಲ್ಲ, ದೊಡ್ಡ ಬಿರುಕೊಂದಿದೆ, ಅದನ್ನ ಸಹಿಸಿಕೊಳ್ಳಬೇಕು.

ನೋಡಿ, ಬಿರುಕೇ ಚೆಂದ ಅಂತ ಅವನು ಹೇಳ್ತಿಲ್ಲ. ಬಿರುಕನ್ನ ಮುಚ್ಚಿಡ್ತಾನೂ ಇಲ್ಲ. ದೋಷ ಇದೆ ಅಂತ ಒಪ್ಪಿಕೊಂಡು, ದೋಷಕ್ಕಿಂತ ದೊಡ್ಡ ಗುಣ ಇದರಲ್ಲಿದೆ ಅಂತ ಹೇಳಿ, ಕೆಳಗೆ ತನ್ನ ಹೆಸರು ಹಾಕ್ತಾನೆ. ನಾಳೆ ಯಾರಾದ್ರೂ ‘ಇದೆಂಥ ಪಾತ್ರೆ ಸ್ವಾಮಿ’ ಅಂತ ನಕ್ಕರೆ, ನಗೆಗೆ ಈಡಾಗೋದು ಆವಿಗೆಯ ಹತ್ತಿರ ಕೂತ ಕುಂಬಾರ ಅಲ್ಲ, ಒರಿಬೆ. ಕುಂಬಾರ ತಾನೇ ಆ ಪಾತ್ರೆ ಹೊತ್ತುಕೊಂಡು ಹೋಗಿ ‘ಸಹಿಸಿಕೊಳ್ಳಿ’ ಅಂದಿದ್ರೆ ಏನಾಗ್ತಿತ್ತು, ನೀವೇ ಊಹಿಸಿ.

ಅಂಥ ಮಾತಿನ ಅಧಿಕಾರಕ್ಕೂ ಒಂದು ಬೆಲೆ ಇತ್ತು. ರಿಕ್ಯು 1591ರಲ್ಲಿ ಟೊಯೊತೊಮಿ ಹಿದೆಯೋಶಿಯ ಅಪ್ಪಣೆಗೆ ಹೊಟ್ಟೆ ಸೀಳಿಕೊಂಡು ಸತ್ತ. ಒರಿಬೆಗೂ 1615ರಲ್ಲಿ ಅದೇ ಗತಿ. ಶತ್ರುಗಳ ಜೊತೆ ಸೇರಿ ಪಿತೂರಿ ಮಾಡಿದ ಅನ್ನೋ ಸಂಶಯದ ಮೇಲೆ ತೊಕುಗಾವ ಆಡಳಿತ ಆಜ್ಞೆ ಮಾಡಿತು. ರುಚಿ ತೀರ್ಮಾನಿಸೋರು ಅರಮನೆಗೆ ಅಷ್ಟು ಹತ್ತಿರ ಇದ್ರು, ಅಷ್ಟೇ ಅಪಾಯದಲ್ಲೂ ಇದ್ರು. ಒರಿಬೆಯ ಆ ಕಾಗದ 1923ರ ದೊಡ್ಡ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯ್ತು. ಬಿರುಕು ಬಿಟ್ಟ ಪಾತ್ರೆ ಉಳಿದುಕೊಂಡಿತು.

ಚಿನ್ನದ ಗೆರೆ, ಮರದ ಸೊನೆ

ಒರಿಬೆಯ ಹತ್ತಿರ ಚಹಾ ಕಲಿತವರಲ್ಲಿ ಹೊನಾಮಿ ಕೊಯೆತ್ಸು ಒಬ್ಬ. ಕತ್ತಿ ಹೊಳಪು ಮಾಡಿ ಬೆಲೆ ಕಟ್ಟೋ ಮನೆತನದವನು, ದೊಡ್ಡ ಲಿಪಿಕಾರ, 1637ರಲ್ಲಿ ತೀರಿಕೊಂಡ. ಅವನು ಹವ್ಯಾಸಕ್ಕೆ ಮಾಡಿದ ಒಂದು ಕೆಂಪು ಬಟ್ಟಲಿಗೆ ‘ಸೆಪ್ಪೊ’, ಅಂದ್ರೆ ಹಿಮದ ಶಿಖರ ಅಂತ ಹೆಸರು. ಆವಿಗೆಯಲ್ಲೇ ಬಾಯಿಯಿಂದ ತಳದ ಕಡೆಗೆ ಸೀಳಿತು. ಆ ಸೀಳಿಗೆ ಚಿನ್ನ ತುಂಬಿದ್ದಾರೆ. ಮೇಲಿನ ಬಿಳಿ ಗ್ಲೇಜ್ ಶಿಖರದ ಹಿಮ ಆಯ್ತು, ಚಿನ್ನದ ಗೆರೆ ಕರಗಿ ಹರಿಯೋ ನೀರು ಆಯ್ತು. ಇದು ಕೆಳಗೆ ಬಿದ್ದು ಒಡೆದ ಬಟ್ಟಲಲ್ಲ, ಹುಟ್ಟುವಾಗಲೇ ಸೀಳಿದ್ದು. ಮಾಡಿದವನೂ ‘ಇರಲಿ’ ಅಂದವನೂ ಇಲ್ಲಿ ಒಬ್ಬನೇ.

ಈ ಕೆಲಸದಲ್ಲಿ ಅಂಟು ಚಿನ್ನ ಅಲ್ಲ. ಅಂಟು ಅಂದ್ರೆ ಉರುಶಿ ಮರದ ಸೊನೆ. ಇದು ನಮ್ಮ ಮಾವು, ಗೇರು ಮರಗಳ ಕುಟುಂಬದ ಮರ. ಮಾವಿನ ಸೊನೆ ತಾಗಿ ತುಟಿ ಸುತ್ತ ಹುಣ್ಣಾದ ಅನುಭವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇರುತ್ತೆ. ಕರಾವಳಿಯವರಿಗೆ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಕೈ ಸುಡೋದೂ ಗೊತ್ತು. ಉರುಶಿ ಸೊನೆಯೂ ಹಾಗೇ ಚರ್ಮ ಸುಡುತ್ತೆ. ಅದು ಗಟ್ಟಿಯಾಗೋಕೆ ಬಿಸಿಲು ಬೇಡ, ತೇವ ಬೇಕು. ಒಂದೊಂದು ಪದರ ಹಚ್ಚಿ, ತೇವ ಇರೋ ಪೆಟ್ಟಿಗೆಯಲ್ಲಿ ಕಾಯಿಸಿ, ಉಜ್ಜಿ, ಮತ್ತೆ ಹಚ್ಚಿ, ಕೊನೆಯ ಪದರ ಇನ್ನೂ ಅಂಟಂಟಾಗಿರುವಾಗ ಮೇಲೆ ಚಿನ್ನದ ಪುಡಿ ಉದುರಿಸ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕೆಲಸ. ಸ್ಲೈಡ್‌ನಲ್ಲಿ ಕಾಣೋದು ಚಿನ್ನ ಮಾತ್ರ. ಆ ತಿಂಗಳುಗಳು, ಆ ಚರ್ಮದ ಉರಿ ಅಲ್ಲಿ ಕಾಣಲ್ಲ.

ಇದಕ್ಕೆ ಬೆಲೆ ತೆತ್ತವರು

ಈಗ ಸ್ವಲ್ಪ ಕಹಿ ಮಾತು. ಚಹಾ ಗುರುಗಳು ಅಷ್ಟು ಹಂಬಲಿಸಿದ ಒರಟು ಬಟ್ಟಲುಗಳಲ್ಲಿ ಎಷ್ಟೋ ಜಪಾನಿನವಲ್ಲ, ಕೊರಿಯಾದವು. ಅವುಗಳಲ್ಲಿ ಬಹಳ ಪ್ರಸಿದ್ಧವಾದ ‘ಕಿಝಾಎಮೊನ್’ ಬಟ್ಟಲು ಕ್ಯೋಟೊದ ದೈತೊಕುಜಿ ಮಠದ ಆವರಣದಲ್ಲಿದೆ, ಜಪಾನಿನ ರಾಷ್ಟ್ರೀಯ ನಿಧಿ. ಮಾಡಿದ ಕೊರಿಯಾದ ಕುಂಬಾರನ ಹೆಸರು ಯಾರಿಗೂ ಗೊತ್ತಿಲ್ಲ. ಬಟ್ಟಲಿಗೆ ಅಂಟಿಕೊಂಡಿರೋದು ಅದನ್ನ ಇಟ್ಟುಕೊಂಡಿದ್ದ ಜಪಾನಿ ವ್ಯಾಪಾರಿಯ ಹೆಸರು.

ರಿಕ್ಯುನನ್ನ ಸಾಯಿಸಿದ ಅದೇ ಹಿದೆಯೋಶಿ 1592ರಲ್ಲಿ ಕೊರಿಯಾ ಮೇಲೆ ದಂಡೆತ್ತಿ ಹೋದ, 1597ರಲ್ಲಿ ಮತ್ತೆ ಹೋದ. 1598ರಲ್ಲಿ ಅವನು ಸತ್ತ ಮೇಲೆ ಸೈನ್ಯ ವಾಪಸ್ ಬಂತು. ಬರುವಾಗ ಸರದಾರರು ಕೊರಿಯಾದ ಕುಂಬಾರರನ್ನ ಹಿಡಿದು ತಂದರು. ಈ ಯುದ್ಧಕ್ಕೆ ಜಪಾನಿನಲ್ಲೇ ‘ಮಡಕೆ ಯುದ್ಧ’ ಅಂತ ಅಡ್ಡ ಹೆಸರು ಇದೆ. ಅರಿತಾ, ಹಾಗಿ, ಸತ್ಸುಮಾ ಪಾತ್ರೆಗಳ ಪರಂಪರೆ ಬೆಳೆದದ್ದು ಹೀಗೆ ಬಂದವರ ಕೈಯಲ್ಲಿ.

ಸತ್ಸುಮಾ ಸೀಮೆಯ ನಾಎಶಿರೊಗಾವ ಅನ್ನೋ ಹಳ್ಳಿಯಲ್ಲಿ ನೆಲೆಸಿದ ಕುಂಬಾರರಿಗೆ ಆಡಳಿತ ಇನ್ನೊಂದು ಕಟ್ಟಳೆ ಹಾಕಿತು: ಕೊರಿಯಾದ ಹೆಸರು, ಉಡುಪು, ನಡೆನುಡಿ ಬಿಡಕೂಡದು. ನಾವು ಪುಣೆಯಲ್ಲೋ ಹೈದರಾಬಾದಿನಲ್ಲೋ ಮಕ್ಕಳಿಗೆ ಕನ್ನಡ ಉಳಿಸಿಕೊಳ್ಳಿ ಅಂತ ಹೇಳೋದು ನಮ್ಮ ಇಷ್ಟ. ಅವರಿಗೆ ಅದು ಆಳುವವರ ಅಪ್ಪಣೆ. ಅಲ್ಲಿನ ಶಿಮ್ ಮನೆತನ ಇವತ್ತಿಗೂ ಅದೇ ಕಸುಬು ಮಾಡ್ತಿದೆ, ಹದಿನೈದನೇ ತಲೆಮಾರು.

ಹೈದರಾಬಾದಿನಲ್ಲಿ ಇರೋರು ಸಾಲಾರ್ ಜಂಗ್ ಮ್ಯೂಸಿಯಂನ ಜಪಾನ್ ವಿಭಾಗಕ್ಕೆ ಒಂದು ಸಲ ಹೋಗಿ. ಅಲ್ಲಿ ಸತ್ಸುಮಾ ಪಾತ್ರೆಗಳಿವೆ. ಕೆನೆ ಬಣ್ಣದ ಮೈ, ಚಿನ್ನದ ಚಿತ್ತಾರ. ಚಿತ್ತಾರ ಬಿಟ್ಟು ಖಾಲಿ ಜಾಗ ನೋಡಿ. ಮೈತುಂಬ ಕೂದಲೆಳೆಯಂಥ ಬಿರುಕಿನ ಬಲೆ ಕಾಣುತ್ತೆ. ಗ್ವಾನ್ ಪಾತ್ರೆಗಳ ವಿಷಯದಲ್ಲಿ ಹೇಳಿದ ಅದೇ ಗ್ಲೇಜ್ ಬಿರುಕು, ಸತ್ಸುಮಾದ ಗುರುತು ಅದು. ಸೆರೆ ಸಿಕ್ಕಿ ಸಮುದ್ರ ದಾಟಿದವರ ಕಸುಬು ಅದರ ಹಿಂದೆ ಇದೆ ಅನ್ನೋದು ನೋಡುವಾಗ ನೆನಪಿರಲಿ.

ಪಾತ್ರೆ ಶಿಲ್ಪ ಆದದ್ದು

ಇಲ್ಲಿವರೆಗೆ ನೋಡಿದ್ದೆಲ್ಲ ಬಳಸೋ ಪಾತ್ರೆಗಳು. ಈ ರುಚಿ ಸಾಗರ ದಾಟಿ, ಯಾವುದಕ್ಕೂ ಬಳಸದ ಶುದ್ಧ ಶಿಲ್ಪ ಆದದ್ದು ಅಮೆರಿಕದಲ್ಲಿ, 1950ರ ದಶಕದಲ್ಲಿ. ಅಲ್ಲಿ ಕೇಳಿಬರೋ ದೊಡ್ಡ ಹೆಸರು ಪೀಟರ್ ವೌಲ್ಕೋಸ್.

1924ರಲ್ಲಿ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಗ್ರೀಸಿನಿಂದ ವಲಸೆ ಬಂದವರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗನ್ನರ್ ಆಗಿದ್ದು, ಆಮೇಲೆ ಯುದ್ಧದಿಂದ ಮರಳಿದವರಿಗೆ ಸರ್ಕಾರ ಕೊಟ್ಟ ನೆರವಿನಲ್ಲಿ ಕಾಲೇಜಿಗೆ ಸೇರಿ ಕುಂಬಾರಿಕೆ ಕಲಿತರು. ಮೊದಲ ವರ್ಷಗಳಲ್ಲಿ ಅವರು ಮಾಡಿದ್ದು ಅಚ್ಚುಕಟ್ಟಾದ ಹೂಜಿ, ಮುಚ್ಚಳದ ಭರಣಿ. ಬಹುಮಾನಗಳೂ ಬಂದವು. 1952ರ ಕೊನೆಯಲ್ಲಿ ಮೊಂಟಾನಾದ ಆರ್ಚಿ ಬ್ರೇ ಫೌಂಡೇಶನ್‌ಗೆ ಜಪಾನಿನ ಕುಂಬಾರ ಹಮಾದ ಶೋಜಿ, ಚಿಂತಕ ಯಾನಗಿ ಸೋಎತ್ಸು, ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಒಟ್ಟಿಗೆ ಬಂದ್ರು. ಅಲ್ಲಿ ಕೆಲಸ ಮಾಡ್ತಿದ್ದ ವೌಲ್ಕೋಸ್ ಹಮಾದರ ಕೈ ಓಡೋದನ್ನ ಹತ್ತಿರದಿಂದ ನೋಡಿದ್ರು. ಮರುವರ್ಷ ಬ್ಲ್ಯಾಕ್ ಮೌಂಟನ್ ಕಾಲೇಜು, ಅಲ್ಲಿಂದ ನ್ಯೂಯಾರ್ಕ್. ಅಲ್ಲಿ ಕ್ಯಾನ್ವಾಸ್ ಮೇಲೆ ಬಣ್ಣ ಬಡಿಯೋ ಅಮೂರ್ತ ಚಿತ್ರಕಾರರ ಪರಿಚಯ.

1954ರಲ್ಲಿ ಲಾಸ್ ಏಂಜಲೀಸ್‌ನ ಕಲಾಶಾಲೆಗೆ ಮೇಷ್ಟ್ರಾಗಿ ಹೋದ ಮೇಲೆ ಎಲ್ಲ ಬದಲಾಯ್ತು. ತಿಗುರಿಯಲ್ಲಿ ದೊಡ್ಡ ದೊಡ್ಡ ಮಡಕೆ ಎತ್ತೋದು, ಒಂದರ ಮೇಲೊಂದು ಪೇರಿಸೋದು, ತಂತಿಯಲ್ಲಿ ಕೊಯ್ಯೋದು, ಕೈಯಲ್ಲಿ ಹರಿಯೋದು. ಸುಟ್ಟ ಮೇಲೆ ಕೂಡದ ಭಾಗಗಳನ್ನ ಎಪಾಕ್ಸಿ ಅಂಟಿನಿಂದ ಕೂಡಿಸಿದ್ದೂ ಉಂಟು. ದಪ್ಪ ತಟ್ಟೆ ಮಾಡಿ ಅದಕ್ಕೆ ತೂತು ಹೊಡೆದು, ಸೀಳಿ, ಗೋಡೆಗೆ ನೇತುಹಾಕಿದ್ರು. 1979ರಿಂದ ಪೀಟರ್ ಕ್ಯಾಲಸ್ ಕಟ್ಟಿದ್ದ ಜಪಾನಿ ಮಾದರಿಯ ಸೌದೆ ಆವಿಗೆಯಲ್ಲಿ ಅವರ ಶಿಲ್ಪಗಳು ದಿನಗಟ್ಟಲೆ ಬೆಂದವು. ಬೂದಿ ಕರಗಿ ಅಂಟಿದ, ಸೀಳಿದ ಆ ಪೇರಿಕೆಗಳನ್ನ ನೋಡಿದ್ರೆ ಹರಿದ ಚೀಲದ ಅಮೆರಿಕನ್ ಮೊಮ್ಮಗ ಅನ್ನಿಸುತ್ತೆ. 2002ರಲ್ಲಿ ಅವರು ತೀರಿಕೊಂಡರು.

ಒರಿಬೆ ಕಾಲದಲ್ಲಿ ಬಿರುಕು ಆವಿಗೆ ಕೊಟ್ಟದ್ದು, ಮನುಷ್ಯ ಸಹಿಸಿಕೊಂಡದ್ದು. ವೌಲ್ಕೋಸ್ ಅದನ್ನ ಕೆಲಸದ ಭಾಗ ಮಾಡಿಕೊಂಡರು. ಆದ್ರೆ ಕ್ರಮ ನೋಡಿ. ಸೀಳದಂಥ ಮಡಕೆ ಮಾಡೋದು ಅವರಿಗೆ ಮೊದಲು ಕರಗತ ಆಗಿತ್ತು. ಎಲ್ಲಿ ಹರಿದರೆ ಪೇರಿಕೆ ನಿಲ್ಲುತ್ತೆ, ಎಲ್ಲಿ ಹರಿದರೆ ಬಿದ್ದುಹೋಗುತ್ತೆ ಅಂತ ಗೊತ್ತಿತ್ತು. ತಿಂಗಳಿಗೊಮ್ಮೆ ಸಂಬಳ ಬರೋ ಮೇಷ್ಟ್ರ ಕೆಲಸವೂ ಇತ್ತು. ಒಂದು ಆವಿಗೆ ಪೂರ್ತಿ ಹಾಳಾದ್ರೂ ಆ ತಿಂಗಳ ಊಟ ನಡೀತಿತ್ತು. ಸಂತೆಯಲ್ಲಿ ಮಡಕೆ ಮಾರೋ ಕುಂಬಾರನಿಗೆ ಈ ಅವಕಾಶ ಇಲ್ಲ.

ನಮ್ಮ ಪಕ್ಕದ ಕುದುರೆಗಳು

ಕೊನೆಯದಾಗಿ, ಬಿರುಕನ್ನ ಬೇರೆಯೇ ಥರ ನೋಡಿದ ಒಂದು ಶಿಲ್ಪ ಪರಂಪರೆ ನಮ್ಮ ಪಕ್ಕದ ತಮಿಳುನಾಡಿನಲ್ಲೇ ಇದೆ. ಅಲ್ಲಿ ಹಳ್ಳಿಯ ಗಡಿ ಕಾಯೋ ದೇವರು ಅಯ್ಯನಾರ್. ಅವನ ಗುಡಿಯ ಮುಂದೆ ಹರಕೆಯ ಮಣ್ಣಿನ ಕುದುರೆಗಳು ನಿಂತಿರ್ತವೆ, ಕೆಲವು ಆಳೆತ್ತರಕ್ಕಿಂತ ದೊಡ್ಡವು. ಪುದುಕ್ಕೋಟೈ, ಶಿವಗಂಗೈ ಸೀಮೆ ಇದಕ್ಕೆ ಹೆಸರುವಾಸಿ. ಮಾಡೋರು ವೇಳಾರ್ ಅನ್ನೋ ಕುಂಬಾರ ಸಮುದಾಯದವರು. ಎಷ್ಟೋ ಗುಡಿಗಳಲ್ಲಿ ಪೂಜಾರಿಗಳೂ ಅವರೇ.

ಮಣ್ಣಿಗೆ ಮರಳು, ಭತ್ತದ ಹೊಟ್ಟು ಬೆರೆಸಿ, ಮೊದಲು ಟೊಳ್ಳು ಕಾಲುಗಳನ್ನ ಕಂಬದ ಥರ ನಿಲ್ಲಿಸಿ, ಅದರ ಮೇಲೆ ಹೊಟ್ಟೆ, ಕತ್ತು, ತಲೆ ಕಟ್ಟುತ್ತಾ ಹೋಗ್ತಾರೆ. ‘ಪುರವಿ ಎಡುಪ್ಪು’ ಅನ್ನೋ ಹಬ್ಬದ ದಿನ ಊರವರು ಕುದುರೆಗಳನ್ನ ಹೊತ್ತು ಮೆರವಣಿಗೆಯಲ್ಲಿ ಗುಡಿಗೆ ಒಯ್ದು ಒಪ್ಪಿಸ್ತಾರೆ. ಆಮೇಲೆ ಅವುಗಳನ್ನ ಬಿಸಿಲು ಮಳೆಗೆ ಬಿಟ್ಟುಬಿಡ್ತಾರೆ. ಕಿವಿ ಉದುರುತ್ತೆ, ಕಾಲು ಸೀಳುತ್ತೆ, ಬೇರು ನುಗ್ಗುತ್ತೆ. ಚಿನ್ನ ತುಂಬೋದಿಲ್ಲ, ಪಿನ್ ಹೊಡೆಯೋದಿಲ್ಲ. ಅರ್ಪಣೆ ಮುಗಿದಿದೆ, ಕುದುರೆಯ ಕೆಲಸ ಆಗಿದೆ. ಹಳೇ ಕುದುರೆ ಮಣ್ಣಾಗ್ತಾ ಇರುವಾಗ ಪಕ್ಕದಲ್ಲೇ ಹೊಸ ಕುದುರೆ ಬಂದು ನಿಲ್ಲುತ್ತೆ.

ಈ ಒಪ್ಪಂದದಲ್ಲಿ ಕುಂಬಾರನಿಗೆ ನಷ್ಟ ಇಲ್ಲ. ಕುದುರೆ ಒಡೆದು ಹೋಗೋದರಿಂದಲೇ ಮುಂದಿನ ಕುದುರೆಯ ಕೆಲಸ ಅವನಿಗೆ, ಅವನ ಮಗನಿಗೆ. ಈಗ ಎಷ್ಟೋ ಗುಡಿಗಳಲ್ಲಿ ಎನಾಮಲ್ ಬಣ್ಣ ಹೊಡೆದ ಸಿಮೆಂಟ್ ಕುದುರೆ ಬಂದಿದೆ. ಅದು ಬೇಗ ಸೀಳಲ್ಲ, ಹಾಗಾಗಿ ಮತ್ತೊಂದು ಬೇಕಾಗಲ್ಲ. ಚೆನ್ನೈನಲ್ಲಿ ಇರೋರು ಇಸಿಆರ್ ರಸ್ತೆಯ ದಕ್ಷಿಣಚಿತ್ರದಲ್ಲಿ, ದೆಹಲಿಯವರು ಪ್ರಗತಿ ಮೈದಾನದ ಪಕ್ಕದ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಮಣ್ಣಿನ ಕುದುರೆಗಳನ್ನ ನೋಡಬಹುದು.

ಹಾಗಾದ್ರೆ ಆ ಸ್ಲೈಡ್?

ಹೀಗೆ ಎಂಟುನೂರು ವರ್ಷ ಸುತ್ತಾಡಿ ಬಂದ ಮೇಲೆ, ಬಿರುಕು ಚೆಂದ ಅಂತ ಯಾರಾದ್ರೂ ಹೇಳಿದ್ರೆ ಕೇಳೋಕೆ ನಮ್ಮ ಹತ್ತಿರ ಮೂರು ಪ್ರಶ್ನೆ ಇವೆ.

ಒಂದು, ಪಾತ್ರೆ ನಿಲ್ಲುತ್ತಾ? ಗ್ವಾನ್ ಪಾತ್ರೆಯ ಗೆರೆ ಗ್ಲೇಜ್‌ನಲ್ಲಿ ಮಾತ್ರ ಇತ್ತು. ಸೆಪ್ಪೊ ಬಟ್ಟಲಿನ ಸೀಳು ತಿಂಗಳುಗಟ್ಟಲೆ ಕೆಲಸ ಕೇಳ್ತು. ಎಲ್ಲ ಬಿರುಕೂ ಒಂದೇ ಅಲ್ಲ. ಕೆಲವನ್ನ ಬಿಡಬಹುದು, ಕೆಲವನ್ನ ಕೂತು ಸರಿ ಮಾಡಲೇಬೇಕು. ಪ್ರೊಡಕ್ಷನ್‌ನಲ್ಲಿ ಕೋಡ್ ನೋಡಿಕೊಳ್ಳೋರಿಗೆ ಇದನ್ನ ವಿವರಿಸಬೇಕಿಲ್ಲ.

ಎರಡು, ‘ಇರಲಿ’ ಅಂದವರು ಯಾರು, ಅವರು ಹೆಸರು ಹಾಕಿದ್ರಾ? ಸೋಲನ್ನ ಅಪ್ಪಿಕೊಳ್ಳಿ ಅಂತ ಸ್ಲೈಡ್ ತೋರಿಸೋ ಮ್ಯಾನೇಜರ್, ಅಪ್ರೈಸಲ್ ಬಂದಾಗ ನಿಮ್ಮ ಸೋಲಿನ ಪಕ್ಕ ತಮ್ಮ ಹೆಸರನ್ನೂ ಬರೀತಾರಾ? ಬರೆದ್ರೆ ಅವರು ಒರಿಬೆ ಥರ. ಅಂಥವರು ಸಿಕ್ಕಿದ್ರೆ ಬಿಡಬೇಡಿ. ಬರೆಯದೇ ಇದ್ರೆ ಆ ಸ್ಲೈಡ್ ಬರೀ ಚಿತ್ರ.

ಮೂರು, ಬೆಲೆ ಯಾರ ತಲೆ ಮೇಲೆ? ಕೊರಿಯಾದ ಕುಂಬಾರನ ಮೇಲೆ ಬಿತ್ತಾ, ಅಥವಾ ಅಯ್ಯನಾರ್ ಗುಡಿಯ ಹಾಗೆ ಮಾಡಿದವನಿಗೇ ಮುಂದಿನ ಕೆಲಸ 됐ಂತೆ ಸಿಕ್ಕಿತಾ?

ಈ ಪ್ರಶ್ನೆಗಳನ್ನ ಬೇರೆಯವರಿಗೆ ಕೇಳೋದು ಸುಲಭ. ಆದ್ರೆ ನಮ್ಮಲ್ಲಿ ಎಷ್ಟೋ ಜನ ಈಗ ಆ ಕಡೆ ಕುರ್ಚಿಯಲ್ಲೂ ಕೂತಿದ್ದೀವಿ. ಹೊಸದಾಗಿ ಸೇರಿದ ಹುಡುಗಿಯ ಮೊದಲ ತಪ್ಪು, ಮನೆಯಲ್ಲಿ ಮಗ ತಂದ ಕಡಿಮೆ ಅಂಕ, ಅಡುಗೆ ಸಹಾಯಕ್ಕೆ ಬರೋರ ಕೈಯಿಂದ ಜಾರಿದ ಪಿಂಗಾಣಿ ತಟ್ಟೆ. ಅಲ್ಲೆಲ್ಲ ‘ಇರಲಿ’ ಅನ್ನೋ ಅಧಿಕಾರ ನಮ್ಮ ಕೈಯಲ್ಲೇ ಇದೆ. ಒರಿಬೆ ಮಾಡಿದ್ದು ಬಹಳ ಸರಳ ಕೆಲಸ. ಬಿರುಕು ಇದೆ ಅಂತ ಬಚ್ಚಿಡದೆ ಹೇಳಿದ, ಆದ್ರೂ ಇದನ್ನ ಇಟ್ಟುಕೊಳ್ಳಿ ಅಂದ, ಕೆಳಗೆ ಹೆಸರು ಬರೆದ.

ಮುಂದಿನ ಮಾತಿನಲ್ಲಿ ಸಿಗೋಣ. ನಿಮ್ಮ ಮನೆಯಲ್ಲಿ ಸೀಳಿದ್ರೂ ಎಸೆಯದೆ ಇಟ್ಟುಕೊಂಡಿರೋ ಮಣ್ಣಿನ ವಸ್ತು ಏನಾದ್ರೂ ಇದ್ರೆ, ಅದನ್ನ ಉಳಿಸಿದವರು ಯಾರು, ಯಾಕೆ ಉಳಿಸಿದ್ರು ಅಂತ ಬರೆದು ತಿಳಿಸಿ.